ಚಲಿಸುವ ಗೂಡಿಗೆ ಯಾವ ಹೊದಿಕೆ?

ಗುಬ್ಬಿ ಎಂದೊಡನೆ ಕನ್ನಡಿಗರಿಗೆ ನಾಟಕ ಕಂಪನಿ ನೆನಪಾಗುವುದು ಸಹಜ. 1884ರಲ್ಲಿ ಹುಟ್ಟಿ, ಮುಂದೆ ವೀರಣ್ಣನವರ ಕೈಯಲ್ಲಿ ಬೆಳೆದ ಆ ಸಂಸ್ಥೆ ಊರೂರು ಸುತ್ತುವಾಗ ಬೀಡುಬಿಟ್ಟ ತಾಣಕ್ಕೆ ‘ಕ್ಯಾಂಪು’ ಎಂದೇ ಹೆಸರು. ಈ ಸೀಮೆ ಇನ್ನೊಂದು ಬಗೆಯ ಕ್ಯಾಂಪನ್ನೂ ಕಂಡಿದೆ. ಸಿದ್ಧಗಂಗೆಯ ಶಿವರಾತ್ರಿ ಜಾತ್ರೆಗೆ, ಕುಣಿಗಲ್ ತಾಲ್ಲೂಕಿನ ಎಡೆಯೂರಿನ ತೇರಿಗೆ ಸಂಸಾರಗಳು ಕಮಾನು ಗಾಡಿ ಹೂಡಿಕೊಂಡು ಬರುತ್ತಿದ್ದ ಕಾಲವೊಂದಿತ್ತು. ಬಿದಿರ ದಬ್ಬೆಗಳನ್ನು ಬಾಗಿಸಿದ ಕಮಾನು, ಅದರ ಮೇಲೆ ಬಿದಿರ ಚಾಪೆ, ಒಳಗೆ ಹುಲ್ಲು, ಹುಲ್ಲಿನ ಮೇಲೆ ಜಮಖಾನ. ಹಗಲು ಅದು ವಾಹನ, ಇರುಳು ಮಲಗುವ ಕೋಣೆ.

ಆ ಗಾಡಿಯ ಬಯಕೆ ಈಗ ಬೇರೊಂದು ರೂಪದಲ್ಲಿ ಮರಳಿದೆ. ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ, ಇಬ್ಬರು ಮೂವರು ಮಲಗಬಹುದಾದ ಪುಟ್ಟ ಗೂಡನ್ನು ಸ್ವತಃ ಕಟ್ಟಿಕೊಳ್ಳುವ ಹವ್ಯಾಸಿಗಳು ಅಮೆರಿಕದಲ್ಲಿ ಹಲವರಿದ್ದಾರೆ. ಅದಕ್ಕೆ ಅವರು ಆರಿಸಿಕೊಂಡ ಸಾಮಗ್ರಿ, ನಾವು ಥರ್ಮೋಕೋಲ್ ಎಂದು ಕರೆಯುವ ವಸ್ತು ಮತ್ತು ಅದರ ಸೋದರಬಂಧುಗಳು. ಮದುವೆಮಂಟಪದ ಅಲಂಕಾರಕ್ಕೆ ಬಳಸುವ ಈ ಹಗುರ ಪದಾರ್ಥದಿಂದ ಮನೆ ಕಟ್ಟುವುದೇ ಎಂದು ತಾವು ನಗಬಹುದು. ಆದರೆ ಲೆಕ್ಕ ನೋಡಿ. ಘನಮೀಟರಿಗೆ 20 ಕಿಲೋ ತೂಗುವ ಥರ್ಮೋಕೋಲಿನ 50 ಮಿಲಿಮೀಟರು ದಪ್ಪದ ಹಲಗೆ ಚದರ ಮೀಟರಿಗೆ ಒಂದೇ ಕಿಲೋ ತೂಗುತ್ತದೆ. ಅದರ ಕಾಲುಭಾಗದಷ್ಟು ದಪ್ಪವಿರುವ ಪ್ಲೈವುಡ್ಡು ಅದರ ಏಳೆಂಟರಷ್ಟು ಭಾರ. ಥರ್ಮೋಕೋಲಿನ ಬಹುಪಾಲು ಗಾಳಿಯೇ ಆದ್ದರಿಂದ ಏಪ್ರಿಲ್ ತಿಂಗಳ ತುಮಕೂರಿನ ಬಿಸಿಲೂ ಸುಲಭವಾಗಿ ಒಳಗೆ ಇಳಿಯದು.

ಇಷ್ಟೆಲ್ಲ ಗುಣವಿದ್ದರೂ ಥರ್ಮೋಕೋಲು ಬೆತ್ತಲೆಯಾಗಿ ಬಾಳಲಾರದು. ಬಿಸಿಲು ಅದನ್ನು ಹಳದಿಯಾಗಿಸಿ ಪುಡಿಗಟ್ಟಿಸುತ್ತದೆ; ಉಗುರು ಸಹ ಅದನ್ನು ಗೀರಬಲ್ಲದು. ಹೊದಿಕೆಯ ಪ್ರಶ್ನೆ ಎದ್ದದ್ದು ಇಲ್ಲಿ. ಕಮಾನು ಗಾಡಿಯಲ್ಲಿ ಭಾರ ಹೊರುವುದು ಬಿದಿರು. ಚಾಪೆಗೆ ನೆರಳು ಕೊಡುವ ಕೆಲಸವಷ್ಟೇ. ಥರ್ಮೋಕೋಲಿನ ಗೂಡಿನಲ್ಲಿ ಹೊದಿಕೆಯೇ ಎಲುಬು. ಹಲಗೆ ಬಾಗಿದಾಗ ಒಂದು ಮೈ ಹಿಗ್ಗಲು, ಇನ್ನೊಂದು ಮೈ ಕುಗ್ಗಲು ನೋಡುತ್ತದೆ. ಎರಡು ಮೈಗೂ ಗಟ್ಟಿ ಚರ್ಮವೊಂದು ಬಿಡದಂತೆ ಅಂಟಿದ್ದರೆ ಆ ಹಿಗ್ಗು ಕುಗ್ಗುಗಳನ್ನು ಅದು ತಡೆಯುತ್ತದೆ. ನಡುವಣ ಹಗುರ ಪದಾರ್ಥ ಎರಡು ಚರ್ಮಗಳನ್ನು ದೂರ ಹಿಡಿದಿರುತ್ತದೆ. ಆದ್ದರಿಂದ ಮೇಲೆ ಟಾರ್ಪಾಲು ಹೊದಿಸಿ ಹಗ್ಗ ಬಿಗಿದರೆ ಸಾಲದು. ಟಾರ್ಪಾಲು ಗಾಳಿಗೆ ಪಟಪಟಿಸುತ್ತದೆ, ಬಲ ಕೊಡುವುದಿಲ್ಲ. ನಡುವೆ ನುಸುಳಿದ ನೀರು ಹೊರಬರಲು ದಾರಿಯೂ ಇರುವುದಿಲ್ಲ.

ಅಲ್ಯೂಮಿನಿಯಂ ತಗಡು ನೋಡಲು ಚೆಂದ, ಬಿಸಿಲಿಗೆ ಜಗ್ಗದು. ಅದರ ತೊಡಕು ಹಿಗ್ಗುವಿಕೆಯದು. ಮೂರು ಮೀಟರು ಉದ್ದದ ತಗಡು 40 ಡಿಗ್ರಿ ಸೆಲ್ಸಿಯಸ್ ಹೆಚ್ಚು ಕಾದರೆ ಸುಮಾರು 3 ಮಿಲಿಮೀಟರು ಉದ್ದವಾಗುತ್ತದೆ. ಅಡಿಯ ಥರ್ಮೋಕೋಲು ಹಿಗ್ಗುವ ಪ್ರಮಾಣ ಬೇರೆ. ತಗಡು ಹೊರಗೆ ಕಾದಷ್ಟು ಅದರ ಒಳಮೈ ಕಾಯುವುದೂ ಇಲ್ಲ. ದಿನವೂ ಹೀಗೆ ಎಳೆದಾಡಿದರೆ ಅಂಟು ಬಿಟ್ಟು ತಗಡು ಉಬ್ಬುತ್ತದೆ. ನಮ್ಮ ಕಡೆಯ ಇನ್ನೊಂದು ಅಪಾಯವೂ ಉಂಟು. ಗುಬ್ಬಿ, ಕುಣಿಗಲ್ ಕಡೆ ನೆರಳೆಂದರೆ ತೆಂಗಿನ ತೋಟ. ಮರದಿಂದ ಬಿದ್ದ ಒಂದೇ ಕಾಯಿ ತೆಳು ತಗಡನ್ನು ತಗ್ಗು ಮಾಡಬಲ್ಲದು. ಆ ತಗ್ಗನ್ನು ಸರಿಪಡಿಸುವುದು ಸುಲಭವಲ್ಲ. ಹೊದಿಕೆ ಯಾವುದೇ ಇರಲಿ, ಗೂಡನ್ನು ತೆಂಗಿನ ಮರದಡಿ ನಿಲ್ಲಿಸಲೇಬಾರದು.

ಫೈಬರ್‌ಗ್ಲಾಸಿನ ವಿಚಾರದಲ್ಲಿ ವಿಶೇಷ ಎಚ್ಚರ ಬೇಕು. ಅದಕ್ಕೆ ಸಾಮಾನ್ಯವಾಗಿ ಬಳಸುವ ಪಾಲಿಯೆಸ್ಟರ್ ರಾಳದಲ್ಲಿರುವ ಸ್ಟೈರೀನ್ ಥರ್ಮೋಕೋಲನ್ನು ಕರಗಿಸಿಬಿಡುತ್ತದೆ. ಪೆಟ್ರೋಲು, ಥಿನ್ನರು, ಟರ್ಪೆಂಟೈನು ಕೂಡ ಹೀಗೆಯೇ ಕೆಡಿಸುತ್ತವೆ. ಎಪಾಕ್ಸಿ ರಾಳ ಕರಗಿಸದು. ದೃಢತೆಯಲ್ಲಿ ಅದಕ್ಕೆ ಎಣೆಯಿಲ್ಲ. ಆದರೆ ಬೆಲೆ ಹೆಚ್ಚು, ಬರಿಗೈಯಲ್ಲಿ ಮುಟ್ಟುವಂತಿಲ್ಲ.

ನನ್ನ ಒಲವು ಕ್ಯಾನ್ವಾಸಿನ ಕಡೆಗೆ. ಟೂರಿಂಗ್ ಟಾಕೀಸುಗಳ ಡೇರೆಗೆ ಒದಗಿದ ಬಟ್ಟೆಯ ಬಳಗದ್ದೇ ಇದು. ಮೊದಲು ಬಿಸಿನೀರಿನಲ್ಲಿ ಒಗೆದು ಗಂಜಿ ತೆಗೆಯಬೇಕು; ಗಂಜಿಯಿದ್ದರೆ ಗೋಂದು ಎಳೆಗಳೊಳಗೆ ಇಳಿಯದು. ಹಲಗೆಯ ಮೈಯನ್ನು ಉಜ್ಜುಕಾಗದದಿಂದ ಒರಟುಮಾಡಿ, ಬಡಗಿಗಳ ಬಿಳಿಗೋಂದಿಗೆ ತುಸು ನೀರು ಬೆರೆಸಿ ಬಳಿದು, ಬಟ್ಟೆಯನ್ನು ಸುಕ್ಕಿಲ್ಲದಂತೆ ಹಾಸಿ ಮೇಲೆ ಮತ್ತೊಮ್ಮೆ ಗೋಂದು ಬಳಿಯುವುದು. ಬಿಳಿಗೋಂದಿನಲ್ಲಿ ನೀರು ತಾಗಿದರೆ ಮೆತ್ತಗಾಗುವುದೂ ಉಂಟು, ನೀರು ತಡೆಯುವುದೂ ಉಂಟು. ನಮಗೆ ಬೇಕಾದದ್ದು ಎರಡನೆಯದು. ಮೊದಲು ಪಕ್ಕಗಳು, ಕೊನೆಗೆ ಮಾಡು. ಗುಡಿಸಲಿಗೆ ಗರಿ ಹೊದಿಸುವವರು ಬಲ್ಲಂತೆ, ಮೇಲಿನ ಪದರ ಕೆಳಗಿನದರ ಮೇಲೆ ಬಂದರೆ ನೀರು ಜಾರಿಹೋಗುತ್ತದೆ. ಮೂಲೆಗಳಿಗೆ ಎರಡು ಪದರ. ಗೋಂದು ಪೂರ್ತಿ ಒಣಗಿದ ಮೇಲೆ ಹೊರಗೋಡೆಗೆ ಬಳಿಯುವ, ನೀರಿನಲ್ಲಿ ಕಲಸುವ ಬಣ್ಣವನ್ನು ಮೂರು ಸಲವಾದರೂ ಹಚ್ಚಬೇಕು. ತಿಳಿಬಣ್ಣವಾದರೆ ಶಾಖವೂ ಕಡಿಮೆ. ಕೆಲವು ವರ್ಷಕ್ಕೊಮ್ಮೆ ಮತ್ತೆ ಬಣ್ಣ ಕಾಣಿಸಬೇಕು ಎಂಬುದು ಇದರ ಕೊರತೆ. ಹರಿದರೆ ತುಂಡುಬಟ್ಟೆ, ಒಂದಿಷ್ಟು ಗೋಂದು ಸಾಕು ಎಂಬುದು ಇದರ ಅನುಕೂಲ.

ಒಳಮೈಗೂ ಹೊದಿಕೆ ಅಗತ್ಯವೆಂದು ಆಗಲೇ ಹೇಳಿದೆ. ಆದರೆ ಬಟ್ಟೆ ಬಣ್ಣಗಳು ಬೆಂಕಿಯನ್ನು ತಡೆಯುತ್ತವೆಂದು ಯಾರೂ ಭಾವಿಸಬಾರದು. ಥರ್ಮೋಕೋಲು ಸುಮಾರು 100 ಡಿಗ್ರಿಯಲ್ಲಿ ಮೆತ್ತಗಾಗುತ್ತದೆ. ಹೊತ್ತಿದರೆ ಉರಿಯುತ್ತಲೇ ತೊಟ್ಟಿಕ್ಕುತ್ತದೆ, ಕಪ್ಪು ಹೊಗೆ ಕಾರುತ್ತದೆ. ಕೊಳ್ಳುವಾಗಲೇ ಬೆಂಕಿ ನಿರೋಧಕ ಬೆರೆಸಿದ ಹಲಗೆಯನ್ನು ಕೇಳಿ ತರಬೇಕು. ಅದು ಬೆಂಕಿ ಹಬ್ಬುವುದನ್ನು ತಡಮಾಡುತ್ತದೆ, ಅಷ್ಟೇ. ಮಕ್ಕಳು ಮಲಗುವ ಆ ಕಿರುಕೋಣೆಯಲ್ಲಿ ಗ್ಯಾಸಿನ ಒಲೆಯಾಗಲಿ, ಸೊಳ್ಳೆಬತ್ತಿಯಾಗಲಿ, ಮೇಣದ ಬತ್ತಿಯಾಗಲಿ ಕೂಡದು. ಗಾಡಿಯಲ್ಲಿ ಬಂದ ಹಿರಿಯರೂ ಒಲೆ ಹೂಡಿದ್ದು ಹೊರಗೆ, ಮೂರು ಕಲ್ಲಿಟ್ಟು. ಗಾಳಿಯಾಡಲು ಎದುರು ಬದುರು ಕಿಂಡಿಗಳೂ, ಒಳಗಿನಿಂದ ತಟ್ಟನೆ ತೆರೆಯುವ ಬಾಗಿಲೂ ಇರತಕ್ಕದ್ದು.

1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಟ್ರೇಲರೂ ಮೋಟಾರು ವಾಹನವೇ, ನೋಂದಣಿಯಿಲ್ಲದೆ ರಸ್ತೆಗಿಳಿಸುವಂತಿಲ್ಲ. ಸಾಮಗ್ರಿ ಕೊಳ್ಳುವ ಮೊದಲೇ ಸಾರಿಗೆ ಕಚೇರಿಯಲ್ಲಿ ವಿಚಾರಿಸಿಕೊಳ್ಳುವುದು ಮೇಲು.

ಇಡೀ ಗೂಡಿಗೆ ಕೈಹಚ್ಚುವ ಮುನ್ನ ಅಂಗೈಯಗಲದ ಚೂರೊಂದಕ್ಕೆ ಎಲ್ಲ ಕಡೆಯೂ ಬಟ್ಟೆ ಅಂಟಿಸಿ, ಬಣ್ಣ ಬಳಿದು, ವಾರವೊಂದು ಮಾಳಿಗೆಯ ಬಿಸಿಲಿಗಿಡಿ. ಆಮೇಲೆ ಒಂದು ರಾತ್ರಿ ಬಕೆಟ್ಟಿನ ನೀರಿನಲ್ಲಿ ಮುಳುಗಿಸಿ, ಮೇಲೊಂದು ಕಲ್ಲು ಹೇರಿ. ಬೆಳಿಗ್ಗೆ ಬಟ್ಟೆಯ ಅಂಚನ್ನು ಉಗುರಿನಿಂದ ಎತ್ತಿ ನೋಡಿ. ಸಿಪ್ಪೆಯಂತೆ ಸುಲಿದು ಬಂದರೆ ಗೋಂದನ್ನು ಬದಲಿಸಿ. ಬಟ್ಟೆಯ ಜೊತೆಗೆ ಥರ್ಮೋಕೋಲಿನ ಕಾಳುಗಳೇ ಕಿತ್ತು ಬಂದರೆ ಅದೇ ಗೋಂದಿನಲ್ಲಿ ಕೆಲಸ ಆರಂಭಿಸಬಹುದು.