ಪೊಟ್ಟಣದ ಹಿಂಬದಿಯ ಸಣ್ಣ ಅಕ್ಷರಗಳು

ಮಕ್ಕಳೇ, ಕುಂಬಳೆ, ಬದಿಯಡ್ಕ, ಮಂಜೇಶ್ವರ ಮೊದಲಾದ ಊರುಗಳ ಯಾವುದಾದರೊಂದು ಅಂಗಡಿಗೆ ಹೋಗಿ ನೋಡಿರಿ. ಅಂಗಡಿಯವರೊಡನೆ ನಾವು ಕನ್ನಡದಲ್ಲೋ ತುಳುವಿನಲ್ಲೋ ಮಲಯಾಳದಲ್ಲೋ ಮಾತನಾಡುತ್ತೇವೆ. ಆದರೆ ಕೊಂಡು ತಂದ ಬಿಸ್ಕತ್ತಿನ ಪೊಟ್ಟಣವನ್ನು ತಿರುಗಿಸಿ ನೋಡಿದರೆ ಅಲ್ಲಿರುವುದು ಹೆಚ್ಚಾಗಿ ಇಂಗ್ಲಿಷ್. ನಮ್ಮ ದೇಶದ ನಿಯಮದಂತೆ ಆಹಾರದ ಪೊಟ್ಟಣದ ವಿವರಗಳು ಇಂಗ್ಲಿಷಿನಲ್ಲಿ ಅಥವಾ ದೇವನಾಗರಿ ಲಿಪಿಯ ಹಿಂದಿಯಲ್ಲಿ ಇರಬೇಕು. ಬೇರೆ ಭಾಷೆಯನ್ನು ಜೊತೆಗೆ ಸೇರಿಸಬಹುದು, ಆದರೆ ಅದು ಕಡ್ಡಾಯವಲ್ಲ.

ಎಷ್ಟೋ ಮನೆಗಳಲ್ಲಿ ಇಂಗ್ಲಿಷನ್ನು ಓದಬಲ್ಲವರು ಶಾಲೆಗೆ ಹೋಗುವ ಮಕ್ಕಳು ಮಾತ್ರ. ಅಜ್ಜಿ ಕನ್ನಡಕ ಹಾಕಿಕೊಂಡರೂ ಆ ಅಕ್ಷರಗಳು ಅವರಿಗೆ ಅರ್ಥವಾಗುವುದಿಲ್ಲ. ಇಂಗ್ಲಿಷ್ ತರಗತಿಯಲ್ಲಿ ಒಂದು ಗದ್ಯಭಾಗವನ್ನು ಕೊಟ್ಟು, ಅದನ್ನು ಓದಿ ಪ್ರಶ್ನೆಗಳಿಗೆ ಉತ್ತರಿಸಲು ಹೇಳುತ್ತಾರಲ್ಲವೇ? ಪೊಟ್ಟಣದ ಹಿಂಬದಿಯೂ ಅಂಥದೇ ಒಂದು ಗದ್ಯಭಾಗ. ತರಗತಿಯಲ್ಲಿ ತಪ್ಪಿದರೆ ಅಂಕ ಕಡಿಮೆಯಾಗುತ್ತದೆ. ಇಲ್ಲಿ ತಪ್ಪಿದರೆ ಮನೆಯವರ ಆರೋಗ್ಯ ಕೆಡಬಹುದು. ಆದುದರಿಂದ ಇದನ್ನು ಓದುವ ಬಗೆಯನ್ನು ತಿಳಿದುಕೊಳ್ಳೋಣ.

ಮುಂಬದಿ ಮತ್ತು ಹಿಂಬದಿ

ಪೊಟ್ಟಣದ ಮುಂಬದಿಯಲ್ಲಿ ಬಣ್ಣದ ಚಿತ್ರಗಳೂ ದೊಡ್ಡ ಅಕ್ಷರಗಳೂ ಇರುತ್ತವೆ. ಅವು ನಮ್ಮನ್ನು ಕೊಳ್ಳುವಂತೆ ಮಾಡಲು ಇರುವಂಥವು. ಒಳಗೆ ಏನಿದೆ ಎಂಬುದನ್ನು ತಿಳಿಸುವುದು ಹಿಂಬದಿಯ ಸಣ್ಣ ಅಕ್ಷರಗಳು.

ಮೊದಲು 'ಇಂಗ್ರೀಡಿಯೆಂಟ್ಸ್' ಎಂಬ ಪದವನ್ನು ಹುಡುಕಿರಿ. ಅದರ ಅರ್ಥ, ತಯಾರಿಕೆಗೆ ಬಳಸಿದ ಪದಾರ್ಥಗಳು. ಈ ಪಟ್ಟಿಯಲ್ಲಿ ಒಂದು ಕ್ರಮವಿದೆ. ತೂಕದಲ್ಲಿ ಅತಿ ಹೆಚ್ಚು ಇರುವ ಪದಾರ್ಥ ಮೊದಲು, ಅತಿ ಕಡಿಮೆ ಇರುವುದು ಕೊನೆಗೆ. ಮುಂಬದಿಯಲ್ಲಿ ಮಾವಿನ ಹಣ್ಣಿನ ದೊಡ್ಡ ಚಿತ್ರವಿದ್ದು, ಪಟ್ಟಿಯಲ್ಲಿ ನೀರು ಮತ್ತು ಸಕ್ಕರೆಯ ನಂತರ ಮಾವು ಬಂದಿದ್ದರೆ, ಆ ಪಾನೀಯದಲ್ಲಿ ಮಾವಿಗಿಂತ ಸಕ್ಕರೆಯೇ ಹೆಚ್ಚು ಎಂದು ತಿಳಿಯಬೇಕು. ಸಕ್ಕರೆಗೆ ಹಲವು ಹೆಸರುಗಳೂ ಇವೆ. ಗ್ಲೂಕೋಸ್, ಫ್ರಕ್ಟೋಸ್, ಡೆಕ್ಸ್‌ಟ್ರೋಸ್, ಇನ್ವರ್ಟ್ ಸಿರಪ್ ಇವೆಲ್ಲವೂ ಸಕ್ಕರೆಯ ಬಳಗದವೇ.

ಹಸಿರು ಚೌಕದೊಳಗೆ ಹಸಿರು ಬೊಟ್ಟು ಇದ್ದರೆ ಅದು ಸಸ್ಯಾಹಾರ. ಕಂದು ಚೌಕದೊಳಗೆ ಕಂದು ತ್ರಿಕೋನವಿದ್ದರೆ ಮಾಂಸಾಹಾರ. ಆಹಾರ ಸುರಕ್ಷತೆಗಾಗಿ ನಮ್ಮ ದೇಶದಲ್ಲಿ 2006ರ ಕಾನೂನಿನಂತೆ ಒಂದು ಪ್ರಾಧಿಕಾರವಿದೆ. ಅದರ ಚಿಕ್ಕ ಹೆಸರು ಎಫ್.ಎಸ್.ಎಸ್.ಎ.ಐ. ಅದು ನೀಡುವ 14 ಅಂಕೆಗಳ ಪರವಾನಗಿ ಸಂಖ್ಯೆಯೂ ಪೊಟ್ಟಣದ ಮೇಲಿರುತ್ತದೆ.

ದಿನಾಂಕದ ಬಳಿ ಇರುವ ಪದಗಳನ್ನೂ ಗಮನಿಸಿರಿ. 'ಬೆಸ್ಟ್ ಬಿಫೋರ್' ಎಂದರೆ ಆ ದಿನದವರೆಗೆ ರುಚಿಯೂ ಗುಣವೂ ಚೆನ್ನಾಗಿರುತ್ತವೆ ಎಂದರ್ಥ. 'ಯೂಸ್ ಬೈ' ಅಥವಾ 'ಎಕ್ಸ್‌ಪೈರಿ' ಎಂದಿದ್ದರೆ ಆ ದಿನದ ನಂತರ ಬಳಸಲೇಬಾರದು.

ಅಂಕೆಗಳ ಲೆಕ್ಕ

'ನ್ಯೂಟ್ರಿಶನಲ್ ಇನ್ಫರ್ಮೇಶನ್' ಎಂಬ ಕೋಷ್ಟಕದಲ್ಲಿ ಪೋಷಕಾಂಶಗಳ ಪ್ರಮಾಣವಿರುತ್ತದೆ. 'ಪರ್ 100 ಗ್ರಾಂ' ಎಂದರೆ ಪ್ರತಿ 100 ಗ್ರಾಮಿಗೆ. ಇದು ಇಡೀ ಪೊಟ್ಟಣದ ಲೆಕ್ಕವಲ್ಲ ಎಂಬುದನ್ನು ಮರೆಯಬಾರದು.

ಒಂದು ಉದಾಹರಣೆ ನೋಡೋಣ. ಒಂದು ಬಗೆಯ ಬಿಸ್ಕತ್ತಿನಲ್ಲಿ 100 ಗ್ರಾಮಿಗೆ 25 ಗ್ರಾಂ ಸಕ್ಕರೆ ಇದೆ ಎಂದುಕೊಳ್ಳಿರಿ. ಪೊಟ್ಟಣದ ತೂಕ 60 ಗ್ರಾಂ. ಪೂರ್ತಿ ತಿಂದರೆ 15 ಗ್ರಾಂ ಸಕ್ಕರೆ ಹೊಟ್ಟೆಗೆ ಹೋಗುತ್ತದೆ. ಒಂದು ಟೀ ಚಮಚ ಸಕ್ಕರೆ ಸುಮಾರು 5 ಗ್ರಾಂ. ಹಾಗಾದರೆ ಮೂರು ಚಮಚ ಸಕ್ಕರೆ ತಿಂದಂತಾಯಿತು.

'ಸೋಡಿಯಂ' ಎಂಬುದು ಉಪ್ಪಿನ ಒಂದು ಭಾಗ. ಸೋಡಿಯಂ ಪ್ರಮಾಣವನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಪ್ರಮಾಣ ಸಿಗುತ್ತದೆ. 800 ಮಿಲಿಗ್ರಾಂ ಸೋಡಿಯಂ ಎಂದರೆ 2 ಗ್ರಾಂ ಉಪ್ಪು. ಪ್ರಾಯದವರು ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪನ್ನು ಸೇವಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ರಕ್ತದೊತ್ತಡವಿರುವ ಅಜ್ಜನಿಗೆ ಹಪ್ಪಳದ ಪೊಟ್ಟಣವನ್ನು ಓದಿ ಹೇಳುವಾಗ ಈ ಲೆಕ್ಕ ಉಪಯೋಗಕ್ಕೆ ಬರುತ್ತದೆ.

ಜೀವ ಉಳಿಸುವ ಪೊಟ್ಟಣ

ಎಲ್ಲಕ್ಕಿಂತ ಎಚ್ಚರಿಕೆಯಿಂದ ಓದಬೇಕಾದ ಒಂದು ಪೊಟ್ಟಣವಿದೆ. ಅದು ವಾಂತಿಭೇದಿಯಾದಾಗ ಕೊಡುವ ಓ.ಆರ್.ಎಸ್. ಪುಡಿ.

ಭೇದಿಯಾದಾಗ ದೇಹದಿಂದ ನೀರೂ ಲವಣಗಳೂ ಹೊರಹೋಗುತ್ತವೆ. ಬರಿಯ ನೀರು ಕುಡಿದರೆ ಕಳೆದುಹೋದ ಲವಣಗಳು ಮರಳಿ ಬರುವುದಿಲ್ಲ. ಸಣ್ಣ ಕರುಳಿನಲ್ಲಿ ಗ್ಲೂಕೋಸ್ ಮತ್ತು ಸೋಡಿಯಂ ಜೊತೆಯಾಗಿ ಒಳಸೇರುತ್ತವೆ. ಅವುಗಳ ಹಿಂದೆಯೇ ನೀರೂ ಒಳಸೇರುತ್ತದೆ. ಆದುದರಿಂದ ಸರಿಯಾದ ಅಳತೆಯಲ್ಲಿ ಸಕ್ಕರೆಯನ್ನೂ ಉಪ್ಪನ್ನೂ ಬೆರೆಸಿದ ನೀರು ಜೀವ ಉಳಿಸುತ್ತದೆ.

ಇದು ದೊಡ್ಡ ಪ್ರಮಾಣದಲ್ಲಿ ಸಾಬೀತಾದುದು 1971ರಲ್ಲಿ. ಬಾಂಗ್ಲಾದೇಶದ ವಿಮೋಚನಾ ಯುದ್ಧದ ಸಮಯದಲ್ಲಿ ಪಶ್ಚಿಮ ಬಂಗಾಳದ ಬನಗಾಂವ್‌ನ ನಿರಾಶ್ರಿತರಲ್ಲಿ ಕಾಲರಾ ಹರಡಿತು. ರಕ್ತನಾಳಕ್ಕೆ ಕೊಡುವ ಸಲೈನ್ ಸಾಕಾಗಲಿಲ್ಲ. ಆಗ ಡಾ. ದಿಲೀಪ್ ಮಹಲನಾಬಿಸ್ ಅವರು ಗ್ಲೂಕೋಸ್, ಉಪ್ಪು ಮತ್ತು ಅಡಿಗೆ ಸೋಡಾವನ್ನು ಅಳತೆಯಂತೆ ನೀರಿನಲ್ಲಿ ಬೆರೆಸಿ ರೋಗಿಗಳಿಗೆ ಕುಡಿಸುವ ವ್ಯವಸ್ಥೆ ಮಾಡಿದರು. ರೋಗಿಗಳ ಮನೆಯವರೇ ಇದನ್ನು ಕುಡಿಸಿದರು. ಶೇಕಡಾ 30ರಷ್ಟಿದ್ದ ಸಾವಿನ ಪ್ರಮಾಣ ಶೇಕಡಾ 4ಕ್ಕಿಂತ ಕೆಳಗಿಳಿಯಿತು. 2022ರಲ್ಲಿ ತೀರಿಕೊಂಡ ಅವರಿಗೆ 2023ರಲ್ಲಿ ಮರಣೋತ್ತರವಾಗಿ ಪದ್ಮವಿಭೂಷಣ ಪ್ರಶಸ್ತಿ ಸಂದಿತು.

ಈ ಪೊಟ್ಟಣದ ಮೇಲೆ 'ಡಿಸಾಲ್ವ್ ದಿ ಎಂಟೈರ್ ಕಂಟೆಂಟ್ಸ್ ಇನ್ ಒನ್ ಲೀಟರ್ ಆಫ್ ಡ್ರಿಂಕಿಂಗ್ ವಾಟರ್' ಎಂಬಂಥ ಒಂದು ವಾಕ್ಯವಿರುತ್ತದೆ. 'ಡಿಸಾಲ್ವ್' ಎಂದರೆ ಕರಗಿಸಿರಿ. 'ಎಂಟೈರ್ ಕಂಟೆಂಟ್ಸ್' ಎಂದರೆ ಒಳಗಿರುವುದನ್ನು ಪೂರ್ತಿಯಾಗಿ. ಕರಗಿಸಬೇಕಾದದ್ದು ಒಂದು ಲೀಟರ್ ಕುಡಿಯುವ ನೀರಿನಲ್ಲಿ. ಈ ದೊಡ್ಡ ಪೊಟ್ಟಣದಲ್ಲಿ 20.5 ಗ್ರಾಂ ಪುಡಿ ಇರುತ್ತದೆ. 200 ಮಿಲಿಲೀಟರ್ ನೀರಿಗೆ ಬೆರೆಸುವ ಸಣ್ಣ ಪೊಟ್ಟಣಗಳೂ ಸಿಗುತ್ತವೆ. ದೊಡ್ಡ ಪೊಟ್ಟಣವನ್ನು ಒಂದು ಲೋಟ ನೀರಿಗೆ ಸುರಿದರೆ ಉಪ್ಪು ಐದು ಪಟ್ಟು ಹೆಚ್ಚಾಗಿ ಮಗುವಿಗೆ ಅಪಾಯವಾಗಬಹುದು. ಸಣ್ಣ ಪೊಟ್ಟಣವನ್ನು ಒಂದು ಲೀಟರಿಗೆ ಬೆರೆಸಿದರೆ ಪ್ರಯೋಜನವಾಗುವುದಿಲ್ಲ. 'ಯೂಸ್ ವಿದಿನ್ 24 ಅವರ್ಸ್' ಎಂದರೆ ಬೆರೆಸಿದ ನೀರನ್ನು 24 ಗಂಟೆಗಳೊಳಗೆ ಬಳಸಬೇಕು, ಉಳಿದುದನ್ನು ಚೆಲ್ಲಬೇಕು.

ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಸಮತಟ್ಟಾದ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಹಾಕಿ ಕರಗಿಸಬಹುದು. ನಮ್ಮ ಹಿರಿಯರು ಕೊಡುತ್ತಿದ್ದ ಉಪ್ಪು ಬೆರೆಸಿದ ಗಂಜಿತಿಳಿಯೂ ಒಳ್ಳೆಯದೇ. ಮಗು ಮಂಕಾದರೆ, ಕಣ್ಣು ಗುಳಿಬಿದ್ದರೆ, ಕುಡಿಯಲು ಆಗದಿದ್ದರೆ ಅಥವಾ ಮಲದಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಹೆಸರಿನಿಂದ ಆದ ಮೋಸ

ಕೆಲವು ವರ್ಷಗಳ ಹಿಂದೆ ಔಷಧದ ಅಂಗಡಿಗಳಲ್ಲಿ ಹಣ್ಣಿನ ರುಚಿಯ ಕೆಲವು ಪಾನೀಯಗಳು ಮಾರಾಟವಾಗುತ್ತಿದ್ದವು. ಅವುಗಳ ಹೆಸರಿನಲ್ಲಿ 'ಓ.ಆರ್.ಎಸ್.' ಎಂಬ ಅಕ್ಷರಗಳು ದೊಡ್ಡದಾಗಿ ಸೇರಿದ್ದವು. ಭೇದಿಯಾದ ಮಗುವಿಗೆ ಓ.ಆರ್.ಎಸ್. ಬೇಕೆಂದು ಹೋದ ತಂದೆ ತಾಯಿಯರು ಇದನ್ನೇ ಕೊಂಡು ತರುತ್ತಿದ್ದರು. ಆದರೆ ಅದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದ ಓ.ಆರ್.ಎಸ್. ಅಲ್ಲವೆಂಬ ಸೂಚನೆಯನ್ನು ಪೊಟ್ಟಣದ ಮೇಲೆ ಮುದ್ರಿಸಬೇಕೆಂದು 2022ರ ಆದೇಶದಲ್ಲಿತ್ತು. ಸತ್ಯವಿದ್ದದ್ದು ಆ ಇಂಗ್ಲಿಷ್ ಸೂಚನೆಯಲ್ಲಿ. ಕಣ್ಣಿಗೆ ಬಿದ್ದದ್ದು ಹೆಸರು.

ಇಂಥ ಪಾನೀಯದಿಂದ ತೊಂದರೆಯೇನು? ನಿಜವಾದ ಓ.ಆರ್.ಎಸ್. ದ್ರಾವಣದ ಒಂದು ಲೀಟರಿನಲ್ಲಿ ಗ್ಲೂಕೋಸ್ 13.5 ಗ್ರಾಂ ಮಾತ್ರ. ಪಾನೀಯವೊಂದರ ಕೋಷ್ಟಕದಲ್ಲಿ 100 ಮಿಲಿಲೀಟರಿಗೆ 10 ಗ್ರಾಂ ಸಕ್ಕರೆ ಎಂದಿದ್ದರೆ ಒಂದು ಲೀಟರಿಗೆ 100 ಗ್ರಾಂ ಆಗುತ್ತದೆ. ಇದು ಏಳು ಪಟ್ಟಿಗಿಂತಲೂ ಹೆಚ್ಚು. ಅತಿಯಾದ ಸಕ್ಕರೆ ದೇಹದ ನೀರನ್ನು ಕರುಳಿಗೆ ಎಳೆಯುತ್ತದೆ. ಭೇದಿ ಇನ್ನಷ್ಟು ಹೆಚ್ಚಾಗುತ್ತದೆ.

ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ಅವರು ಇದರ ವಿರುದ್ಧ ಅನೇಕ ವರ್ಷ ಹೋರಾಡಿದರು. ಕೊನೆಗೆ 2025ರ ಅಕ್ಟೋಬರ್ ತಿಂಗಳಲ್ಲಿ ಎಫ್.ಎಸ್.ಎಸ್.ಎ.ಐ. ಹಿಂದಿನ ಅನುಮತಿಯನ್ನು ಹಿಂತೆಗೆದುಕೊಂಡು, ಆಹಾರ ಪಾನೀಯಗಳ ಹೆಸರಿನಲ್ಲಿ ಈ ಪದವನ್ನು ಬಳಸಬಾರದೆಂದು ಆದೇಶಿಸಿತು.

ಆದರೂ ನಾವು ಓದುವುದನ್ನು ಬಿಡಬಾರದು. ನಿಜವಾದ ಪೊಟ್ಟಣದ ಮೇಲೆ 'ಓರಲ್ ರೀಹೈಡ್ರೇಶನ್ ಸಾಲ್ಟ್ಸ್ ಐ.ಪಿ.' ಎಂದಿರುತ್ತದೆ. 'ಐ.ಪಿ.' ಎಂದರೆ ಭಾರತೀಯ ಔಷಧಕೋಶದ ಪ್ರಕಾರ ತಯಾರಾದುದು. ಅದು ಔಷಧ, ಆದುದರಿಂದ ಅದರ ಮೇಲೆ ಇರುವುದು ಔಷಧ ತಯಾರಿಕೆಯ ಪರವಾನಗಿ ಸಂಖ್ಯೆ. ಎಫ್.ಎಸ್.ಎಸ್.ಎ.ಐ. ಸಂಖ್ಯೆ ಇದ್ದರೆ ಅದು ಆಹಾರ ಎಂದು ತಿಳಿಯಿರಿ.

ಮುಂದಿನ ಸಲ ಅಜ್ಜಿ ಒಂದು ಪೊಟ್ಟಣವನ್ನು ನಿಮ್ಮ ಕೈಗೆ ಕೊಟ್ಟು "ಇದರಲ್ಲಿ ಎಂತ ಬರೆದಿದೆ, ಮಗಾ?" ಎಂದು ಕೇಳಿದರೆ ಮುಂಬದಿಯ ಹೆಸರನ್ನಷ್ಟೇ ಓದಿ ಹಿಂತಿರುಗಿಸಬೇಡಿರಿ. ತಿರುಗಿಸಿ, ಹಿಂಬದಿಯನ್ನೂ ಓದಿ, ಅದರ ಅರ್ಥವನ್ನು ನಿಮ್ಮ ಮನೆಮಾತಿನಲ್ಲಿ ಹೇಳಿರಿ.

ಪದಗಳ ಅರ್ಥ

ಪರವಾನಗಿ – ಒಪ್ಪಿಗೆ, ಅನುಮತಿ
ಕೋಷ್ಟಕ – ಅಡ್ಡಸಾಲು, ಕಂಬಸಾಲುಗಳಲ್ಲಿ ಬರೆದ ಪಟ್ಟಿ
ದ್ರಾವಣ – ಒಂದು ವಸ್ತುವನ್ನು ಕರಗಿಸಿದ ದ್ರವ
ನಿರಾಶ್ರಿತರು – ಮನೆಮಾರು ಕಳೆದುಕೊಂಡವರು
ಮರಣೋತ್ತರ – ಮರಣದ ನಂತರದ

ಪ್ರಶ್ನೆಗಳು

1. ಪದಾರ್ಥಗಳ ಪಟ್ಟಿಯನ್ನು ಯಾವ ಕ್ರಮದಲ್ಲಿ ಬರೆದಿರುತ್ತಾರೆ?
2. 'ಬೆಸ್ಟ್ ಬಿಫೋರ್' ಮತ್ತು 'ಎಕ್ಸ್‌ಪೈರಿ' ಇವುಗಳಿಗೆ ಇರುವ ವ್ಯತ್ಯಾಸವೇನು?
3. ಒಂದು ಲೀಟರಿನ ಓ.ಆರ್.ಎಸ್. ಪುಡಿಯನ್ನು ಒಂದು ಲೋಟ ನೀರಿಗೆ ಬೆರೆಸಬಾರದು. ಏಕೆ?
4. 40 ಗ್ರಾಂ ತೂಕದ ಚಿಪ್ಸ್ ಪೊಟ್ಟಣದ ಮೇಲೆ '100 ಗ್ರಾಮಿಗೆ ಸೋಡಿಯಂ 800 ಮಿಲಿಗ್ರಾಂ' ಎಂದಿದೆ. ಪೂರ್ತಿ ತಿಂದರೆ ಎಷ್ಟು ಉಪ್ಪು ತಿಂದಂತಾಗುತ್ತದೆ?

ಚಟುವಟಿಕೆ

ನಿಮ್ಮ ಮನೆಯಲ್ಲಿರುವ ಮೂರು ಪೊಟ್ಟಣಗಳ ಹಿಂಬದಿಯನ್ನು ಓದಿರಿ. ಮೊದಲ ಮೂರು ಪದಾರ್ಥಗಳನ್ನು ಕನ್ನಡದಲ್ಲಿ ಬರೆದು ತರಗತಿಯಲ್ಲಿ ಚರ್ಚಿಸಿರಿ.