ಕಬ್ಬಿನ ಬಿಲ್ಲಿಗೊಂದು ಕಾವಲು

ಹಂಗಾಮು ಶುರುವಾದರೆ ಮಂಗಸೂಳಿ ಸುತ್ತಲಿನ ಹೊಲಗಳಿಂದ ಕಬ್ಬು ಹೇರಿದ ಟ್ರ್ಯಾಕ್ಟರುಗಳು ಉಗಾರದ ಕಡೆ ಹೊರಡುತ್ತವೆ. ಖಂಡೋಬಾನ ಗುಡಿಗೆ ಹೆಸರಾದ ಈ ಊರಿನ ನೆರೆಯಲ್ಲೇ, ಉಗಾರ ಖುರ್ದದಲ್ಲಿ, 1939ರಲ್ಲಿ ಸ್ಥಾಪನೆಯಾದ ಉಗಾರ ಶುಗರ್ ವರ್ಕ್ಸ್ ಇದೆ. ಯಾವುದೇ ಕಾರ್ಖಾನೆಯ ಕಾಟಾದ ಮೇಲೆ ಗಾಡಿಯನ್ನು ಎರಡು ಸಲ ತೂಗುತ್ತಾರೆ: ತುಂಬಿದಾಗ ಒಮ್ಮೆ, ಖಾಲಿಯಾದ ಮೇಲೆ ಒಮ್ಮೆ. ಚೀಟಿಯಲ್ಲಿನ ನಿವ್ವಳ ತೂಕ ಇವೆರಡರ ವ್ಯತ್ಯಾಸಕ್ಕೆ ತಾಳೆಯಾಗದಿದ್ದರೆ ರೈತ ನಿಂತಲ್ಲೇ ಕೇಳುತ್ತಾನೆ. ಇಂಥ ತಾಳೆ ನೋಡುವ ಕೆಲಸವನ್ನು ಲಕ್ಷಾಂತರ ದಾಖಲೆಗಳ ಮೇಲೆ ಯಂತ್ರದಿಂದ ಮಾಡಿಸುವ ವಿದ್ಯೆಯೊಂದಿದೆ.

ಉಗಾರದ ಕಾರ್ಖಾನೆ ಷೇರುಪೇಟೆಯಲ್ಲಿ ನೋಂದಾಯಿಸಿದ ಕಂಪನಿ. ಅಂಥ ಕಂಪನಿಗಳು 2010-11ನೇ ಸಾಲಿನಿಂದ ತಮ್ಮ ವಾರ್ಷಿಕ ಲೆಕ್ಕಪತ್ರವನ್ನು ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯಕ್ಕೆ ಎಕ್ಸ್‌ಬಿಆರ್‌ಎಲ್ ರೂಪದಲ್ಲಿ ಸಲ್ಲಿಸಬೇಕು. ಬ್ಯಾಂಕು, ವಿಮೆಯಂಥ ಕೆಲವಕ್ಕೆ ವಿನಾಯಿತಿ ಸಿಕ್ಕಿತ್ತು. ಸಕ್ಕರೆ ಉದ್ಯಮ ವೆಚ್ಚ ಲೆಕ್ಕಪರಿಶೋಧನೆಯ ನಿಯಮಗಳ ವ್ಯಾಪ್ತಿಯಲ್ಲೂ ಇದೆ, ಆ ವರದಿ ಕೂಡ ಇದೇ ರೂಪದಲ್ಲಿ ಹೋಗುತ್ತದೆ. ಎಕ್ಸ್‌ಬಿಆರ್‌ಎಲ್‌ನ ಬುನಾದಿ ಎಕ್ಸ್‌ಎಂಎಲ್, ಅಂದರೆ ದಾಖಲೆಯ ಪ್ರತಿ ಭಾಗಕ್ಕೂ ಹೆಸರಿನ ಪಟ್ಟಿ (ಟ್ಯಾಗು) ಹಚ್ಚಿ ಬರೆಯುವ ರೀತಿ. 1998ರ ಫೆಬ್ರುವರಿಯಲ್ಲಿ ಎಕ್ಸ್‌ಎಂಎಲ್ ಮಾನಕವಾಗಿ ಹೊರಬಂದ ವರ್ಷವೇ, ಅದನ್ನು ಲೆಕ್ಕಪತ್ರಕ್ಕೆ ಬಳಸಬಹುದೆಂದು ಕಂಡುಕೊಂಡವರು ಅಮೆರಿಕದ ಟಕೋಮಾ ಊರಿನ ಲೆಕ್ಕಿಗ ಚಾರ್ಲ್ಸ್ ಹಾಫ್‌ಮನ್.

ಈ ರೂಪದಲ್ಲಿ ಯಾವ ಅಂಕಿಯೂ ಬರಿದಾಗಿ ನಿಲ್ಲುವುದಿಲ್ಲ. ಅದು ಯಾವ ಬಾಬ್ತಿನದು, ಯಾವ ಕಂಪನಿಯದು, ಯಾವ ದಿನಾಂಕದ್ದು, ರೂಪಾಯಿಯೋ ಟನ್ನೋ, ಲಕ್ಷಕ್ಕೆ ದುಂಡಾಗಿಸಿದ್ದೋ ಅಲ್ಲವೋ ಎಂಬುದೆಲ್ಲ ಅದರ ಜೊತೆಗೇ ಅಂಟಿಕೊಂಡಿರುತ್ತದೆ. ಪರಿಶೀಲನೆ ಸಾಧ್ಯವಾಗುವುದೇ ಇದರಿಂದ.

ಮೊದಲ ಪರೀಕ್ಷೆ ಸುಲಭದ್ದು: ತೆರೆದ ಪ್ರತಿಯೊಂದು ಟ್ಯಾಗೂ ಮುಚ್ಚಿದೆಯೇ? ಎರಡನೆಯದು ಸ್ಕೀಮಾದ್ದು, ಅಂದರೆ ದಾಖಲೆಯ ರಚನೆಯ ನಕ್ಷೆಯದ್ದು: ದಿನಾಂಕ ಇರಬೇಕಾದಲ್ಲಿ ದಿನಾಂಕ, ಸಂಖ್ಯೆ ಇರಬೇಕಾದಲ್ಲಿ ಸಂಖ್ಯೆ ಇದೆಯೇ? ಇವೆರಡನ್ನೂ ದಾಟಿ ಬಂದ ದಾಖಲೆಯೂ ತಪ್ಪಾಗಿರಬಹುದು. ಒಟ್ಟು ಆಸ್ತಿ ಒಂದು ಮೊತ್ತ, ಬಂಡವಾಳ ಮತ್ತು ಹೊಣೆಗಾರಿಕೆ ಕೂಡಿದರೆ ಇನ್ನೊಂದು ಮೊತ್ತ ಬಂದರೆ ಸ್ಕೀಮಾ ತಕರಾರು ಮಾಡುವುದಿಲ್ಲ, ಏಕೆಂದರೆ ಅದರ ಕಣ್ಣಿಗೆ ಎರಡೂ ಸಂಖ್ಯೆಗಳೇ. ಅಲ್ಲಿಂದಾಚೆ ಬೇಕಾಗುವುದು ನಿಯಮ.

ನಿಯಮ ಬರೆಯಲು ಒಂದು ಸೊಗಸಾದ ಭಾಷೆ ಇದೆ, ಸ್ಕೀಮಟ್ರಾನ್. ತೈವಾನಿನ ಅಕಾಡೆಮಿಯಾ ಸಿನಿಕಾದಲ್ಲಿದ್ದಾಗ ರಿಕ್ ಜೆಲಿಫ್ 1999ರಲ್ಲಿ ಅದನ್ನು ರೂಪಿಸಿದರು. 2006ರಲ್ಲಿ ಅದು ಐಎಸ್‌ಒ ಮಾನಕವಾಯಿತು. ಅದರ ಒಂದೊಂದು ನಿಯಮಕ್ಕೂ ಮೂರು ಅಂಗ: ದಾಖಲೆಯಲ್ಲಿ ಎಲ್ಲಿ ನೋಡಬೇಕು, ಅಲ್ಲಿ ಯಾವ ಮಾತು ನಿಜವಾಗಿರಬೇಕು, ಆಗಿಲ್ಲದಿದ್ದರೆ ಏನು ಹೇಳಬೇಕು.

ಉದಾಹರಣೆಗೆ ಕಬ್ಬಿನ ಬಿಲ್ಲನ್ನೇ ತೆಗೆದುಕೊಳ್ಳೋಣ, ಅದೂ ಎಕ್ಸ್‌ಎಂಎಲ್‌ನಲ್ಲೇ ಇದೆ ಎಂದುಕೊಳ್ಳೋಣ. 2025-26ರ ಹಂಗಾಮಿಗೆ ಕೇಂದ್ರ ಸರ್ಕಾರ ಗೊತ್ತುಮಾಡಿದ ಎಫ್‌ಆರ್‌ಪಿ (ಕಾರ್ಖಾನೆ ಬೆಳೆಗಾರನಿಗೆ ಕೊಡಲೇಬೇಕಾದ ಕನಿಷ್ಠ ದರ), ಶೇ. 10.25 ರಿಕವರಿಗೆ, ಅಂದರೆ ಕಬ್ಬಿನಿಂದ ಸಿಗುವ ಸಕ್ಕರೆಯ ಪ್ರಮಾಣಕ್ಕೆ, ಟನ್ನಿಗೆ 3,550 ರೂಪಾಯಿ. ಅದಕ್ಕಿಂತ ಮೇಲಿನ ಪ್ರತಿ ಶೇ. 0.1 ರಿಕವರಿಗೆ 34.60 ರೂಪಾಯಿ ಹೆಚ್ಚು. ಶೇ. 10.75 ರಿಕವರಿ ಎಂದು ಬರೆದು, ಟನ್ನಿಗೆ 3,650ರ ದರ ಹಾಕಿದ ಒಂದು ಕಲ್ಪಿತ ಬಿಲ್ಲು ಬಂತೆನ್ನಿ. ಸ್ಕೀಮಾ ಅದನ್ನು ಒಪ್ಪುತ್ತದೆ. ನಿಯಮ ಒಪ್ಪುವುದಿಲ್ಲ: ಶೇ. 0.1ರ ಐದು ಮೆಟ್ಟಿಲಿಗೆ 173 ಸೇರಿ ದರ 3,723 ಆಗಬೇಕಿತ್ತು, 73 ರೂಪಾಯಿ ಕಡಿಮೆ ಬಿದ್ದಿದೆ. ತಪ್ಪು ಸಿಕ್ಕಾಗ ತೆರೆಯ ಮೇಲೆ ಮೂಡುವ ಮಾತನ್ನು ನಿಯಮ ಬರೆದವರೇ ಬರೆದಿರುತ್ತಾರೆ. ‘ಈ ಬಿಲ್ಲಿನ ದರ ಎಫ್‌ಆರ್‌ಪಿಗಿಂತ ಟನ್ನಿಗೆ 73 ರೂಪಾಯಿ ಕಡಿಮೆ ಇದೆ’ ಎಂದು ಕನ್ನಡದಲ್ಲೇ ಹೇಳಿಸಬಹುದು, ಮಂಗಸೂಳಿಯಂಥ ಗಡಿ ಊರಿನಲ್ಲಿ ಜೊತೆಗೆ ಮರಾಠಿಯಲ್ಲೂ. ಈ ವಿದ್ಯೆಯ ದೊಡ್ಡ ಗುಣ ಇದೇ. ಪ್ರೋಗ್ರಾಮಿನ ಹೊಟ್ಟೆಯೊಳಗೆ ಹೂತುಹೋದ ಲೆಕ್ಕವನ್ನು ಬೆಳೆಗಾರ ಪ್ರಶ್ನಿಸಲಾರ. ಹೊರಗೆ ಬರೆದಿಟ್ಟ ನಿಯಮವನ್ನು ಯಾರಾದರೂ ಓದಿಸಿಕೊಂಡು ಕೇಳಬಹುದು.

ಆದರೆ ನಿಯಮಕ್ಕೆ ಕಾಣುವುದು ದಾಖಲೆ ಮಾತ್ರ. ರಿಕವರಿಯನ್ನೇ ಕಡಿಮೆ ಬರೆದು ದರವನ್ನು ಅದಕ್ಕೆ ಸರಿಯಾಗಿ ಹಾಕಿದ್ದರೆ ಬಿಲ್ಲು ಸಲೀಸಾಗಿ ಪಾಸಾಗುತ್ತದೆ. ಗೋದಾಮಿನ ಸಕ್ಕರೆ ಚೀಲ ಎಣಿಸಲು ಮನುಷ್ಯನೇ ಹೋಗಬೇಕು.

ದಾಖಲೆಗಳನ್ನು ಬಿಡಿ ಫೈಲುಗಳಾಗಿ ಬಿಡದೆ ಎಕ್ಸ್‌ಎಂಎಲ್ ಡೇಟಾಬೇಸಿನಲ್ಲಿ ಇಟ್ಟರೆ ನಿಯಮಗಳ ಕಣ್ಣು ಇನ್ನೂ ದೂರ ಹೋಗುತ್ತದೆ. ಎಕ್ಸಿಸ್ಟ್-ಡಿಬಿ, ಬೇಸ್‌ಎಕ್ಸ್‌ನಂಥ ಡೇಟಾಬೇಸುಗಳು ದಾಖಲೆಯನ್ನು ಅದರ ಟ್ಯಾಗುಗಳ ಸಮೇತ ಇಟ್ಟುಕೊಂಡು, ಎಕ್ಸ್‌ಕ್ವೆರಿ ಎಂಬ ಭಾಷೆಯಲ್ಲಿ ಕೇಳಿದ್ದನ್ನು ಹುಡುಕಿ ಕೊಡುತ್ತವೆ. ಹೋದ ವರ್ಷದ ಕೊನೆಯ ಸಕ್ಕರೆ ದಾಸ್ತಾನು ಈ ವರ್ಷದ ಆರಂಭದ ದಾಸ್ತಾನಿಗೆ ಸಮವೇ? ಒಂದೇ ತೂಕದ ಚೀಟಿಯ ಸಂಖ್ಯೆ ಎರಡು ಬಿಲ್ಲುಗಳಲ್ಲಿ ಬಂದಿದೆಯೇ? ಒಂದೊಂದೇ ಫೈಲು ನೋಡುವವರಿಗೆ ಈ ತಪ್ಪುಗಳು ಸಿಗುವುದಿಲ್ಲ.

ಹಳೆಯ ದಾಖಲೆ ಹುಡುಕುವಾಗ ಇನ್ನೊಂದು ತೊಡಕು ಎದುರಾಗುತ್ತದೆ. 2024-25ರ ಎಫ್‌ಆರ್‌ಪಿ ಟನ್ನಿಗೆ 3,400, ಪ್ರತಿ ಮೆಟ್ಟಿಲಿಗೆ 33.20. ಅದೇ ಶೇ. 10.75 ರಿಕವರಿಗೆ ಆ ಸಾಲಿನಲ್ಲಿ 3,566 ಕೊಟ್ಟಿದ್ದರೆ ಲೆಕ್ಕ ಸರಿ. ಹೊಸ ನಿಯಮ ಹಚ್ಚಿ ನೋಡಿದರೆ ಆ ಬಿಲ್ಲುಗಳೆಲ್ಲ ತಪ್ಪೆಂದು ಬರುತ್ತವೆ. ಅದಕ್ಕೇ ಹೊಸ ದರ ಬಂದಾಗ ಹಳೆಯ ನಿಯಮವನ್ನು ಅಳಿಸಬಾರದು. ಹಂಗಾಮಿನ ವರ್ಷ ನಮೂದಿಸಿ ಅದನ್ನೂ ಬಿಲ್ಲುಗಳ ಜೊತೆಗೇ ಇಡಬೇಕು. ಸ್ಕೀಮಟ್ರಾನ್ ನಿಯಮಗಳೂ ಎಕ್ಸ್‌ಎಂಎಲ್‌ನಲ್ಲೇ ಬರೆದವು, ಹಾಗಾಗಿ ಅವಕ್ಕೆ ಅದೇ ಡೇಟಾಬೇಸಿನಲ್ಲಿ ಜಾಗ ಸಿಗುತ್ತದೆ.