ಯುದ್ಧ ತಪ್ಪಿಸಿ ಅಧಿಕಾರ ಕಳೆದುಕೊಂಡ ಅಧ್ಯಕ್ಷ

1770ರ ಮಾರ್ಚ್ 5ರ ರಾತ್ರಿ ಅಮೆರಿಕದ ಬಾಸ್ಟನ್ ನಗರದಲ್ಲಿ ಬ್ರಿಟಿಷ್ ಸೈನಿಕರು ಗುಂಪಿನ ಮೇಲೆ ಗುಂಡು ಹಾರಿಸಿದರು. ಐವರು ಜೀವ ಕಳೆದುಕೊಂಡರು. ಊರಿಗೆ ಊರೇ ಕೊತಕೊತ ಕುದಿಯುತ್ತಿರುವಾಗ ಆ ಸೈನಿಕರ ಪರ ವಕಾಲತ್ತು ವಹಿಸಿದ್ದು ಯಾರು? ಬ್ರಿಟಿಷರ ತೆರಿಗೆಯನ್ನು ವಿರೋಧಿಸುತ್ತಿದ್ದ, 34 ವರ್ಷದ ಜಾನ್ ಆಡಮ್ಸ್! ಕ್ಯಾಪ್ಟನ್ ಪ್ರೆಸ್ಟನ್ ಮತ್ತು ಆರು ಸೈನಿಕರು ಖುಲಾಸೆಯಾದರು. ಉಳಿದಿಬ್ಬರು ಹೆಬ್ಬೆರಳಿಗೆ ಬರೆ ಹಾಕಿಸಿಕೊಂಡು ಹೊರಬಂದರು. ಅದೇ ವರ್ಷ ಬಾಸ್ಟನ್ ಜನ ಆಡಮ್ಸ್ ಅವರನ್ನು ಶಾಸನಸಭೆಗೂ ಆರಿಸಿದ್ದರು.

ಜನ ಏನೆಂದುಕೊಂಡಾರು ಎಂದು ಅಳುಕದ ಈ ಸ್ವಭಾವ ಅವರನ್ನು ಕೊನೆವರೆಗೂ ಬಿಡಲಿಲ್ಲ. 1775ರಲ್ಲಿ ಬ್ರಿಟಿಷರ ವಿರುದ್ಧದ ಸೇನೆಯ ಸಾರಥ್ಯಕ್ಕೆ ಜಾರ್ಜ್ ವಾಷಿಂಗ್ಟನ್ ಹೆಸರು ಮುಂದಿಟ್ಟವರು, ಮರುವರ್ಷ ಸ್ವಾತಂತ್ರ್ಯಕ್ಕಾಗಿ ವಸಾಹತುಗಳ ಪ್ರತಿನಿಧಿ ಸಭೆಯಲ್ಲಿ ಪಟ್ಟುಹಿಡಿದು ವಾದಿಸಿದವರು ಅವರೇ. 1782ರಲ್ಲಿ ಡಚ್ಚರಿಂದ 50 ಲಕ್ಷ ಗಿಲ್ಡರ್ ಸಾಲ ತಂದರು. ಬಳಿಕ ಎಂಟು ವರ್ಷ ಸ್ವತಂತ್ರ ಅಮೆರಿಕದ ಉಪಾಧ್ಯಕ್ಷರಾಗಿದ್ದರು.

1796ರ ಅಧ್ಯಕ್ಷ ಚುನಾವಣೆಯಲ್ಲಿ ಆಡಮ್ಸ್‌ಗೆ 71 ಎಲೆಕ್ಟೋರಲ್ ಮತ, ಎದುರಾಳಿ ಪಕ್ಷದ ಜೆಫರ್ಸನ್‌ಗೆ 68. ಅಂದಿನ ನಿಯಮದಂತೆ ಸೋತ ಎದುರಾಳಿಯೇ ಉಪಾಧ್ಯಕ್ಷ!

ಆಗ ಫ್ರಾನ್ಸ್ ಅಮೆರಿಕದ ಹಡಗುಗಳನ್ನು ಹಿಡಿಯುತ್ತಿತ್ತು. ಮಾತುಕತೆಗೆ ಹೋದ ರಾಯಭಾರಿಗಳ ಬಳಿ ಫ್ರೆಂಚ್ ವಿದೇಶಾಂಗ ಸಚಿವ ತಾಲೆರಾಂ ಕಡೆಯವರು ಲಂಚ ಕೇಳಿದರು. ಸುದ್ದಿ ಹೊರಬಿದ್ದದ್ದೇ ತಡ, ದೇಶವೇ ಸಿಡಿದೆದ್ದಿತು. 1798ರಲ್ಲಿ ನೌಕಾ ಇಲಾಖೆ ಹುಟ್ಟಿತು, ಸಮುದ್ರದಲ್ಲಿ ಅಘೋಷಿತ ಕದನ ನಡೆಯಿತು. ಸರ್ಕಾರವನ್ನು ಟೀಕಿಸಿದವರನ್ನು ಜೈಲಿಗಟ್ಟುವ ಕಾಯ್ದೆಗೂ ಆಡಮ್ಸ್ ಸಹಿ ಹಾಕಿದರು. ವರ್ಮಾಂಟ್ ಸಂಸದ ಮ್ಯಾಥ್ಯೂ ಲಯನ್‌ಗೆ ನಾಲ್ಕು ತಿಂಗಳ ಸೆರೆವಾಸ, 1,000 ಡಾಲರ್ ದಂಡ ಬಿತ್ತು. ಲಯನ್ ಜೈಲಿನಿಂದಲೇ ಸ್ಪರ್ಧಿಸಿ ಗೆದ್ದರು. ಆ ಸಹಿ ಆಡಮ್ಸ್ ಆಡಳಿತಕ್ಕೆ ಅಂಟಿದ ಅಳಿಸಲಾಗದ ಕಳಂಕ.

ಆದರೆ ಪೂರ್ಣ ಪ್ರಮಾಣದ ಯುದ್ಧಕ್ಕೆ ಅವರು ಒಪ್ಪಲಿಲ್ಲ. 1799ರ ಫೆಬ್ರವರಿ 18ರಂದು ತಮ್ಮ ಸಚಿವರಿಗೂ ಹೇಳದೆ ಫ್ರಾನ್ಸ್‌ಗೆ ಹೊಸ ರಾಯಭಾರಿಯ ಹೆಸರನ್ನು ಸೆನೆಟ್‌ಗೆ ಕಳಿಸಿಬಿಟ್ಟರು. ಸ್ವಪಕ್ಷವಾದ ಫೆಡರಲಿಸ್ಟರು ಕೆಂಡವಾದರು. ಅಡ್ಡಗಾಲು ಹಾಕುತ್ತಿದ್ದ ವಿದೇಶಾಂಗ ಸಚಿವ ಪಿಕರಿಂಗ್ ಅವರನ್ನು ಆಡಮ್ಸ್ ವಜಾಗೊಳಿಸಿದರು. ಪಕ್ಷದ ಪ್ರಭಾವಿ ನಾಯಕ ಹ್ಯಾಮಿಲ್ಟನ್ ಚುನಾವಣೆಯ ಹೊಸ್ತಿಲಲ್ಲೇ ಅವರ ವಿರುದ್ಧ ದೀರ್ಘ ಕರಪತ್ರ ಬರೆದರು.

1800ರ ಸೆಪ್ಟೆಂಬರ್ 30ರಂದು ಫ್ರಾನ್ಸ್‌ನಲ್ಲಿ ಒಪ್ಪಂದವಾಯಿತು. ಆ ಸುದ್ದಿ ಹಡಗಿನಲ್ಲಿ ಅಮೆರಿಕ ತಲುಪಿ ಚುನಾವಣೆಗೆ ನೆರವಾಗುವ ಹೊತ್ತು ಮೀರಿತ್ತು. ಆಡಮ್ಸ್‌ಗೆ 65 ಮತ ಬಂದರೆ, ಜೆಫರ್ಸನ್ ಮತ್ತು ಅವರದೇ ಪಕ್ಷದ ಬರ್‌ಗೆ ತಲಾ 73 ಬಂದವು. ಅಂತಿಮವಾಗಿ ಜೆಫರ್ಸನ್ ಅಧ್ಯಕ್ಷರಾದರು. 1803ರಲ್ಲಿ ಅವರು ನೆಪೋಲಿಯನ್‌ನಿಂದ ಲೂಸಿಯಾನಾ ಪ್ರಾಂತ್ಯವನ್ನು 1.5 ಕೋಟಿ ಡಾಲರ್‌ಗೆ ಕೊಂಡಾಗ ದೇಶದ ವಿಸ್ತೀರ್ಣ ಹೆಚ್ಚುಕಡಿಮೆ ಇಮ್ಮಡಿಯಾಯಿತು. ಆ ವ್ಯವಹಾರ ಕುದುರುವಷ್ಟು ಫ್ರಾನ್ಸ್ ಜೊತೆಗಿನ ಸಂಬಂಧ ತಿಳಿಯಾಗಿದ್ದಕ್ಕೆ ಆಡಮ್ಸ್ ಮಾಡಿಕೊಂಡ ಒಪ್ಪಂದವೇ ಅಡಿಪಾಯ.